ಹಾರದ ವಿಮಾನದಲ್ಲಿ ಹಾರಾಟದ ಪರೀಕ್ಷೆ

ಕೆಲಸದ ಪರೀಕ್ಷೆ ರಾತ್ರಿ ಎರಡು ಗಂಟೆಗೆ ಎಂದರೆ ಯಾರಾದರೂ ನಕ್ಕಾರು. ವಿಮಾನ ಕಂಪನಿಗೆ ಪೈಲಟ್ ಆಗಲು ಅರ್ಜಿ ಹಾಕಿದವರಿಗೆ ಮಾತ್ರ ಇದು ನಗುವ ಸಂಗತಿಯಲ್ಲ. ಸಿಮ್ಯುಲೇಟರ್ ಎಂಬ ಯಂತ್ರ ಕೋಟಿಗಟ್ಟಲೆ ಬೆಲೆ ಬಾಳುವಂಥದು. ಅದನ್ನು ಖಾಲಿ ಬಿಡುವುದು ಯಾರಿಗೂ ಕಟ್ಟುವುದಿಲ್ಲ, ಹಗಲೂ ರಾತ್ರಿ ಓಡುತ್ತಲೇ ಇರುತ್ತದೆ. ಕೆಲಸದಲ್ಲಿರುವ ಪೈಲಟ್‌ಗಳ ತರಬೇತಿ ಮುಗಿದು ಉಳಿದ ವೇಳೆ ಉಮೇದುವಾರರ ಪಾಲಿಗೆ ಬರುವುದುಂಟು. ಕಣ್ಣು ಎಳೆಯುವ ಹೊತ್ತಿನಲ್ಲಿ ಹುಡುಗ ಹೇಗೆ ಯೋಚಿಸುತ್ತಾನೆ ಎಂಬುದೂ ಆಗ ತಾನಾಗಿಯೇ ಗೊತ್ತಾಗುತ್ತದೆ.

ಅಲ್ಲಿಗೆ ಬರುವ ಹುಡುಗನ, ಈಗೀಗ ಹುಡುಗಿಯ, ಕೈಯಲ್ಲಿರುವುದಾದರೂ ಏನು? ಪಿಯುಸಿಯಲ್ಲಿ ಭೌತಶಾಸ್ತ್ರ, ಗಣಿತ; ವೈದ್ಯಕೀಯ ಪರೀಕ್ಷೆಯ ಚೀಟಿ; ನಾಗರಿಕ ವಿಮಾನಯಾನ ನಿರ್ದೇಶನಾಲಯದ ಲಿಖಿತ ಪರೀಕ್ಷೆಗಳು; ಮತ್ತು ಸುಮಾರು 200 ಗಂಟೆಗಳ ಹಾರಾಟ. ಅದರ ಬಹುಪಾಲು ಸೆಸ್ನಾದಂಥ ಪುಟ್ಟ ವಿಮಾನದಲ್ಲಿ. ಅದು ಒಂದು ಟನ್ನಿನ ಆಸುಪಾಸಿನದು, ಇಳಿಯುವಾಗ 65 ನಾಟ್ ವೇಗ ಸಾಕು. ಇವನನ್ನು ಕೂರಿಸುವುದೋ 70 ಟನ್ನಿಗೂ ಮಿಕ್ಕಿ ಭಾರ ಹೊತ್ತು ಏರುವ, 135-140 ನಾಟ್ ವೇಗದಲ್ಲಿ ಇಳಿಯುವ ಜೆಟ್‌ನ ಕಾಕ್‌ಪಿಟ್‌ನಲ್ಲಿ. ಹಿಂದೆ ಬ್ಯಾಂಕಿನ ಸಾಲ, ಅಪ್ಪನ ಭವಿಷ್ಯನಿಧಿ, ಕೆಲವು ಮನೆಗಳಲ್ಲಿ ಮಾರಿದ ಜಮೀನು. ಒಂದೆರಡು ಗಂಟೆಯ ಆಟದ ಮೇಲೆ ಇಷ್ಟೆಲ್ಲ ನಿಂತಿರುತ್ತದೆ.

ಸಿಮ್ಯುಲೇಟರಿನ ವಂಶಾವಳಿ ಸ್ವಾರಸ್ಯದ್ದು. ಅಮೆರಿಕದ ಎಡ್ವಿನ್ ಲಿಂಕ್ ಎಂಬಾತನ ತಂದೆ ಆರ್ಗನ್ ವಾದ್ಯ ತಯಾರಿಸುತ್ತಿದ್ದರು. ಆ ಕಾರ್ಖಾನೆಯ ತಿದಿಗಳನ್ನೇ ಬಳಸಿ ಮಗ 1929ರ ಹೊತ್ತಿಗೆ ನೆಲದ ಮೇಲೇ ಓಲಾಡುವ ಪುಟ್ಟ ವಿಮಾನವೊಂದನ್ನು ಮಾಡಿದ. ಮೊದಲು ಅದು ಜಾತ್ರೆಯ ಆಟಿಕೆಯಂತೆಯೇ ಕಂಡಿತು. 1934ರಲ್ಲಿ ಅಮೆರಿಕದ ಸೇನೆ ಅಂಚೆ ಸಾಗಿಸುವ ಕೆಲಸಕ್ಕಿಳಿದು, ಕೆಟ್ಟ ಹವೆಯಲ್ಲಿ ಕೆಲವೇ ವಾರಗಳಲ್ಲಿ ಹಲವು ಪೈಲಟ್‌ಗಳನ್ನು ಕಳೆದುಕೊಂಡಿತು. ಆಮೇಲೆ ಅದೇ ಸೇನೆ ಲಿಂಕ್‌ನಿಂದ ಆರು ಯಂತ್ರ ಕೊಂಡಿತು.

ಪರೀಕ್ಷೆಯಲ್ಲಿ ಕೇಳುವುದು ಸರ್ಕಸ್ಸನ್ನಲ್ಲ. ಮೇಲೇರು, ಇಂಥ ಎತ್ತರದಲ್ಲಿ ನಿಲ್ಲಿಸು, ವೇಗ ಇಳಿಸು, ದಿಕ್ಕು ಬದಲಿಸು, 45 ಡಿಗ್ರಿ ವಾಲಿಸಿ ಒಂದು ಸುತ್ತು ಬಾ, ಕಾಯುವ ಸುತ್ತಿಗೆ ಸೇರಿಕೋ, ರೇಡಿಯೋ ಕಿರಣ ಹಿಡಿದು ರನ್‌ವೇಗೆ ಇಳಿದು ಬಾ. ಆಟೋ ಪೈಲಟ್ ಇಲ್ಲ, ದಾರಿ ತೋರುವ ಗೆರೆಗಳನ್ನೂ ಆರಿಸಿರುತ್ತಾರೆ. ನಡುವೆ ಒಂದು ಎಂಜಿನ್ ಕೆಟ್ಟರೂ ಕೆಟ್ಟೀತು. ಹೊಸಬ ಬೆಣ್ಣೆಯಂತೆ ಇಳಿಸಬೇಕೆಂದು ಯಾರೂ ನಿರೀಕ್ಷಿಸುವುದಿಲ್ಲ. ನೂರು ಅಡಿ ತಪ್ಪಿದರೆ ಅದು ಅವನ ಕಣ್ಣಿಗೆ ಬಿತ್ತೇ, ಬಾಯಿಬಿಟ್ಟು ಹೇಳಿದನೇ, ಸರಿಪಡಿಸಿದನೇ, ಎರಡನೇ ಸಲ ಅದೇ ತಪ್ಪು ಮಾಡಿದನೇ ಎಂದು ಹಿಂದೆ ಕೂತ ಪರೀಕ್ಷಕ ಬರೆದುಕೊಳ್ಳುತ್ತಿರುತ್ತಾನೆ.

ತಯಾರಿಯ ದೊಡ್ಡ ಭಾಗ ನಡೆಯುವುದು ಮನೆಯ ಕುರ್ಚಿಯಲ್ಲಿ. ಕಾಕ್‌ಪಿಟ್‌ನ ದೊಡ್ಡ ಚಿತ್ರವನ್ನು ಗೋಡೆಗೆ ಅಂಟಿಸಿ, ಎದುರು ಕೂತು, ಯಾವ ಗುಂಡಿ ಎಲ್ಲಿ, ಯಾವ ಮಾತು ಯಾವಾಗ ಎಂದು ಕೈ ಆಡಿಸುತ್ತ ಗಟ್ಟಿಯಾಗಿ ಹೇಳಿಕೊಳ್ಳುವುದು. ನೋಡಿದವರಿಗೆ ಹುಡುಗನಿಗೆ ಏನೋ ಆಗಿದೆ ಎನಿಸಬಹುದು. ವೇಷ, ಕುಣಿತ ಇಲ್ಲದೆ ಕೂತಲ್ಲೇ ಪ್ರಸಂಗ ನಡೆಸುವ ತಾಳಮದ್ದಳೆ ಕಂಡವರಿಗೆ ಇದರಲ್ಲಿ ವಿಚಿತ್ರವೇನೂ ತೋರದು. ದುಡ್ಡಿದ್ದವರು ಪರೀಕ್ಷೆಗೆ ಮೊದಲು ಒಂದೆರಡು ಗಂಟೆ ಸಿಮ್ಯುಲೇಟರನ್ನೇ ಬಾಡಿಗೆಗೆ ಹಿಡಿಯುತ್ತಾರೆ; ಕುರ್ಚಿಯ ಅಭ್ಯಾಸವಿಲ್ಲದೆ ಹೋದರೆ ಆ ದುಡ್ಡು ಗುಂಡಿ ಹುಡುಕುವುದರಲ್ಲೇ ಮುಗಿಯುತ್ತದೆ.

ಇನ್ನು ಬಾಯಿಲೆಕ್ಕ. 10,000 ಅಡಿ ಕಳೆಯಬೇಕಾದರೆ ಎಷ್ಟು ದೂರದಿಂದ ಇಳಿಯತೊಡಗಬೇಕು? ಸಾವಿರಗಳನ್ನು ಮೂರರಿಂದ ಗುಣಿಸಿ, 30 ನಾಟಿಕಲ್ ಮೈಲಿ. ನೆಲದ ಮೇಲಿನ ವೇಗ 140 ನಾಟ್ ಇದ್ದಾಗ ನಿಮಿಷಕ್ಕೆ ಎಷ್ಟು ಅಡಿ ಇಳಿಯಬೇಕು? ಐದರಿಂದ ಗುಣಿಸಿ, 700. ಇವು ಮಗ್ಗಿಯಂತೆ ನಾಲಿಗೆಯ ತುದಿಯಲ್ಲಿದ್ದವನಿಗೆ ಸುತ್ತ ನೋಡಲು ಪುರಸೊತ್ತು ಸಿಗುತ್ತದೆ. ಸುತ್ತ ನೋಡುವುದೆಂದರೆ ಮುಖ್ಯವಾಗಿ ಮಾಪಕಗಳನ್ನು: ವಾಲಿಕೆ ತೋರುವ ಮಾಪಕದಿಂದ ವೇಗಕ್ಕೆ, ಮತ್ತೆ ವಾಲಿಕೆಗೆ, ಅಲ್ಲಿಂದ ಎತ್ತರಕ್ಕೆ, ಮತ್ತೆ ವಾಲಿಕೆಗೆ. ಕಣ್ಣು ಒಂದೆಡೆ ಅಂಟಿಕೊಂಡಿತೋ, ಕೆಟ್ಟಿತು.

ಎಷ್ಟು ಕೆಡುತ್ತದೆ ಎಂಬುದು ಬೆಂಗಳೂರಿಗೆ ಗೊತ್ತು. 1990ರ ಫೆಬ್ರವರಿ 14ರಂದು ಮುಂಬೈಯಿಂದ ಬಂದ ಇಂಡಿಯನ್ ಏರ್‌ಲೈನ್ಸ್‌ನ ಹೊಚ್ಚ ಹೊಸ ಎ-320 ವಿಮಾನ ಎಚ್‌ಎಎಲ್ ನಿಲ್ದಾಣದ ರನ್‌ವೇ ತಲುಪುವ ಮೊದಲೇ ಗಾಲ್ಫ್ ಮೈದಾನಕ್ಕೆ ಬಿತ್ತು. 146 ಮಂದಿಯಲ್ಲಿ 92 ಜನ ಸತ್ತರು. ಎಂಜಿನ್‌ಗಳು ನಿಷ್ಕ್ರಿಯ ವೇಗದಲ್ಲೇ ಉಳಿದಿದ್ದವು, ವಿಮಾನದ ವೇಗ ಇರಬೇಕಾದ್ದಕ್ಕಿಂತ ಕೆಳಗಿಳಿಯುತ್ತಲೇ ಇತ್ತು, ಅದು ಇಬ್ಬರ ಗಮನಕ್ಕೂ ಹೊತ್ತಿಗೆ ಬರಲಿಲ್ಲ. ಎಡಗಡೆ ಕೂತವರು ಕ್ಯಾಪ್ಟನ್ ಪದವಿಗೆ ಪರೀಕ್ಷೆಗೊಳಗಾಗಿದ್ದರು, ಬಲಗಡೆಯವರು ಪರೀಕ್ಷಿಸುತ್ತಿದ್ದರು. ಇಬ್ಬರೂ ಹೊಸ ಹುಡುಗರಲ್ಲ. ವೇಗ ಎಷ್ಟು ಎಂದು ಪದೇ ಪದೇ ನೋಡು ಎಂಬ ಸಪ್ಪೆ ಉಪದೇಶವನ್ನು ಪರೀಕ್ಷಕರು ಯಾಕೆ ಅಷ್ಟು ಹೇಳುತ್ತಾರೆಂದು ಈ ಒಂದು ಅಪಘಾತ ಓದಿದರೆ ತಿಳಿಯುತ್ತದೆ.

ಸಂದರ್ಶನದ ಕೋಣೆಯ ಸಂಗತಿ ಬೇರೆ. ಲಾಗ್‌ಬುಕ್ಕನ್ನು ಸಾಲು ಸಾಲಾಗಿ ತಿರುವುತ್ತಾರೆ. 2011ರಲ್ಲಿ ನಕಲಿ ಅಂಕಪಟ್ಟಿಯಿಂದ ಲೈಸೆನ್ಸ್ ಪಡೆದ ಕೆಲವು ಪೈಲಟ್‌ಗಳು ಸಿಕ್ಕಿಬಿದ್ದದ್ದು ಈ ದೇಶದಲ್ಲೇ. ಜೆಟ್ ಎಂಜಿನ್ ಹೇಗೆ ಕೆಲಸ ಮಾಡುತ್ತದೆ, ರೆಕ್ಕೆಗೆ ಹಿಮ ಕಟ್ಟಿದರೆ ಏನಾಗುತ್ತದೆ ಎಂಬ ಪ್ರಶ್ನೆಗಳಿಗೆ ಪುಸ್ತಕ ಓದಿದವರೆಲ್ಲ ಉತ್ತರ ಹೇಳುತ್ತಾರೆ. ಹೆಚ್ಚಿನವರು ತಡವರಿಸುವುದು ಇನ್ನೊಂದು ಪ್ರಶ್ನೆಗೆ: ಕ್ಯಾಪ್ಟನ್ ತಪ್ಪು ಮಾಡುತ್ತಿದ್ದಾರೆ, ನೀನು ಹೇಳಿದರೂ ಕೇಳುತ್ತಿಲ್ಲ, ಏನು ಮಾಡುತ್ತೀಯ?

ಇದು ಹೊತ್ತು ಕಳೆಯಲು ಕೇಳುವ ಪ್ರಶ್ನೆಯಲ್ಲ. 2010ರ ಮೇ 22ರ ಮುಂಜಾನೆ ದುಬೈಯಿಂದ ಮಂಗಳೂರಿಗೆ ಬಂದ ಬೋಯಿಂಗ್ 737 ಬಹಳ ಎತ್ತರದಲ್ಲಿತ್ತು. ಇಳಿಯುವುದು ಬೇಡ, ಮತ್ತೆ ಮೇಲೇರಿ ಸುತ್ತಿ ಬರೋಣ ಎಂದು ಸಹ ಪೈಲಟ್ ಒಂದಲ್ಲ, ಹಲವು ಸಲ ಹೇಳಿದ್ದು ಕಾಕ್‌ಪಿಟ್‌ನ ಧ್ವನಿಮುದ್ರಣದಲ್ಲಿದೆ. ಕ್ಯಾಪ್ಟನ್ ಇಳಿಸಿದರು. ಬೆಟ್ಟದ ತುದಿಯ ರನ್‌ವೇ ಸಾಲದೆ ಹೋಯಿತು. 158 ಮಂದಿ ಸತ್ತರು, ಎಂಟು ಜನ ಉಳಿದರು. ಹೇಳುವ ಮಾತನ್ನು ಆ ಸಹ ಪೈಲಟ್ ಹೇಳಿದ್ದರು. ಅದರಾಚೆಗಿನ ಹೆಜ್ಜೆ ಇಡುವುದು ನಮ್ಮಂಥ ಸಮಾಜದಲ್ಲಿ ಎಷ್ಟು ಕಷ್ಟ ಎಂಬುದು ಹಿರಿಯರೆದುರು ಕಾಲ ಮೇಲೆ ಕಾಲು ಹಾಕಿ ಕೂರಲೂ ಹಿಂಜರಿದು ಬೆಳೆದವರಿಗೆ ಗೊತ್ತು.

ಮೆಟ್ಟಿಲುಗಳನ್ನಂತೂ ಎಲ್ಲರಿಗೂ ಕಲಿಸಿರುತ್ತಾರೆ. ಮೊದಲು ಕೇಳುವುದು: ಸಾರ್, ಎತ್ತರ ಜಾಸ್ತಿ ಅಲ್ಲವೇ? ಆಮೇಲೆ ಹೇಳುವುದು: ಎತ್ತರ ಜಾಸ್ತಿ ಇದೆ, ಸುತ್ತಿ ಬರಬೇಕು. ಆಮೇಲೆ ಎಚ್ಚರಿಸುವುದು. ಕೊನೆಯದು, ಐ ಹ್ಯಾವ್ ಕಂಟ್ರೋಲ್ಸ್ ಎಂದು ಹೇಳಿ ವಿಮಾನವನ್ನು ತಾನೇ ಕೈಗೆ ತೆಗೆದುಕೊಳ್ಳುವುದು. ಈ ನಾಲ್ಕನ್ನೂ ಉಮೇದುವಾರರು ಸಂದರ್ಶನದಲ್ಲಿ ಗಿಣಿಯಂತೆ ಒಪ್ಪಿಸುತ್ತಾರೆ. ಅದೇ ಹುಡುಗ ಮರುದಿನ ಸಿಮ್ಯುಲೇಟರಿನಲ್ಲಿ, ಪಕ್ಕದವರು ಬೇಕೆಂದೇ ವೇಗ ತಪ್ಪಿಸಿದಾಗ, ಸುಮ್ಮನೆ ಕೂತುಬಿಟ್ಟಾನು.

ಆದ್ದರಿಂದ ಮನೆಯ ಅಭ್ಯಾಸಕ್ಕೆ ಕುರ್ಚಿ ಒಂದು ಸಾಲದು, ಎರಡು ಬೇಕು. ಎಡಗಡೆಯ ಕುರ್ಚಿಯಲ್ಲಿ ಯಾರನ್ನಾದರೂ ಕೂರಿಸಿ, ಎಷ್ಟು ಹೇಳಿದರೂ ಕೇಳದಂತಿರಲು ತಿಳಿಸಿ, ನಾಲ್ಕನೆಯ ಮೆಟ್ಟಿಲಿನವರೆಗೂ ಬಾಯಿಬಿಟ್ಟು ಹೋಗಿ ನೋಡಬೇಕು. ಗೆಳೆಯನಾದರೂ ಆದೀತು. ಮಾತಿಗೆ ಎದುರು ಮಾತು ಸಹಿಸದ ದೊಡ್ಡಪ್ಪ ಯಾರಾದರೂ ಮನೆಯಲ್ಲಿದ್ದು, ಅರ್ಧ ಗಂಟೆ ಕೂರಲು ಒಪ್ಪಿದರೆ ಇನ್ನೂ ಒಳ್ಳೆಯದು.