ಯಂತ್ರದ ನೋಟ, ಮನುಷ್ಯನ ಗಮನ

1990ರ ದಶಕದ ಕೊನೆಯಲ್ಲಿ ಅಮೆರಿಕದ ಎಂ.ಐ.ಟಿ.ಯಲ್ಲಿ ಸಿಂಥಿಯಾ ಬ್ರೆಜೀಲ್ ನಿರ್ಮಿಸಿದ 'ಕಿಸ್ಮೆಟ್' ಎಂಬ ಯಂತ್ರಮುಖವು ಎದುರಿಗಿದ್ದವರತ್ತ ಕಣ್ಣು ಹೊರಳಿಸುತ್ತಿತ್ತು. ಚಲನೆ, ಗಾಢ ಬಣ್ಣ, ಮನುಷ್ಯರ ಮೈಬಣ್ಣ ಇವುಗಳನ್ನು ತೂಗಿ, ಹೆಚ್ಚು ತೂಗಿದುದರತ್ತ ನೋಟ ನೆಡುವುದು ಅದರ ಕ್ರಮ. ಒಡನಾಟದ ಕೊರತೆಯನ್ನು ಸೂಚಿಸುವ ಅಂಕಿ ಏರಿದಾಗ ಮೈಬಣ್ಣದ ತೂಕವೂ ಏರುತ್ತಿತ್ತು. ಇದನ್ನು ಗಮನವೆನ್ನಲು ನಮಗೆ ಅಭ್ಯಂತರವಿಲ್ಲ, ಪ್ರಜ್ಞೆಯೆನ್ನಲು ಮನಸ್ಸೊಪ್ಪದು. ಸಂತ ಥಾಮಸ್ ಅಕ್ವಿನಾಸರು ಆತ್ಮವನ್ನು ಜೀವಂತ ದೇಹದ ರೂಪತತ್ತ್ವವೆಂದರು; ಜೀವವಿಲ್ಲದ ಲೋಹದಲ್ಲಿ ನೋಟವಿತ್ತು, ನೋಡುವವನಿರಲಿಲ್ಲ. ಆದರೂ ಅದರೆದುರು ಕುಳಿತವರು ಹಸುಳೆಯೊಡನೆಂಬಂತೆ ಮಾತನಾಡಿದರು. ತನ್ನತ್ತ ತಿರುಗುವ ಮುಖಕ್ಕಾಗಿ ಮನುಷ್ಯನ ಹಂಬಲ ಅಷ್ಟು ದೊಡ್ಡದು!

ನಮ್ಮನ್ನು ಕಾಡುವುದು ಬೇರೆಯೇ: ಜಪಸರದ ನಡುವೆ ಫೋನಿನ ಬೆಳಕಿನತ್ತ ಹೊರಳುವ ನಮ್ಮ ಕಣ್ಣುಗಳೂ ಚಲನೆಯನ್ನು, ಬಣ್ಣವನ್ನು ಹಿಂಬಾಲಿಸುತ್ತಿವೆ. ಪಕ್ಕದಲ್ಲಿ ಕುಳಿತ ಅಜ್ಜಿಯ ಮುಖಕ್ಕೆ ನಮ್ಮ ತಕ್ಕಡಿಯಲ್ಲಿ ಎಷ್ಟು ತೂಕ?