ಎಲ್ಲಿ ನಿಂತರೆ ಊರು ಕಂಡೀತು?

ಯುಗಾದಿಯ ಮರುದಿನ, ಬೆಂಗಳೂರಿನಲ್ಲಿ ಓದುತ್ತಿರುವ ನನ್ನ ಸೋದರಳಿಯನು ಹೊಸದಾಗಿ ಕೊಂಡ ಕ್ಯಾಮೆರಾವನ್ನು ಕೊರಳಿಗೆ ಜೋಲುಬಿಟ್ಟುಕೊಂಡು, ಮಾನ್ವಿ ಸೀಮೆಯ ಕುರ್ಡಿಯ ನಮ್ಮ ಮನೆಯ ಕಟ್ಟೆಯ ಮೇಲೆ ಕುಳಿತು, “ಮಾವ, ನಮ್ಮ ರಾಯಚೂರಾಗ ಫೋಟೋಕ್ಕ ಚಲೋ ಜಾಗ ಎಲ್ಲೈತಿ?” ಎಂದು ಕೇಳಿದನು. ಪ್ರಶ್ನೆ ಸರಳವಾಗಿತ್ತು, ಆದರೆ ಅದನ್ನು ಕೇಳಿದ ಧಾಟಿಯಲ್ಲಿ, ಅಂತಹ ಜಾಗ ಇಲ್ಲವೆಂಬುದು ತನಗೆ ಗೊತ್ತೇ ಇದೆ, ಹಿರಿಯರಾದುದರಿಂದ ಮಾತಿಗೆಂದು ಒಮ್ಮೆ ಕೇಳುತ್ತಿದ್ದೇನೆ ಎಂಬ ಧ್ವನಿಯೂ ಬೆರೆತಿತ್ತು. ಅವನನ್ನು ದೂಷಿಸಲಾರೆ. ಮದುವೆ ನಿಶ್ಚಯವಾದ ನಮ್ಮ ಹುಡುಗ ಹುಡುಗಿಯರು ಚಿತ್ರ ತೆಗೆಸಿಕೊಳ್ಳುವುದಕ್ಕೆಂದು ಹಂಪೆಗೆ ಹೋಗುವರು, ಬಾದಾಮಿಗೆ ಹೋಗುವರು, ಕೈಯಲ್ಲಿ ನಾಲ್ಕು ಕಾಸು ಹೆಚ್ಚಿದ್ದರೆ ಗೋವೆಯ ಕಡಲತೀರಕ್ಕೂ ಹೋಗುವರು. ರಾಯಚೂರೆಂದೊಡನೆ ಅವರ ಮನಸ್ಸಿನಲ್ಲಿ ಮೂಡುವುದು ಬಿಸಿಲು, ಧೂಳು, ಶಕ್ತಿನಗರದ ಹೊಗೆಗೊಳವೆಗಳು, ಇಷ್ಟೆ. ಆ ಹೊಗೆಗೊಳವೆಗಳೂ ಕೃಷ್ಣೆಯ ನೀರಿನಲ್ಲಿ ತಲೆಕೆಳಗಾಗಿ ನಿಂತು ಸಂಜೆಗೆಂಪನ್ನು ಉಟ್ಟಾಗ ಎಷ್ಟು ಸೊಗಸಾಗಿರುವುವೆಂಬುದನ್ನು ಕಂಡವರು ನಮ್ಮಲ್ಲಿ ವಿರಳ.

ಛಾಯಾಚಿತ್ರಗ್ರಾಹಕರಲ್ಲಿ ಒಂದು ಬಲವಾದ ನಂಬಿಕೆಯುಂಟು. ಪ್ರತಿಯೊಂದು ಊರಿನಲ್ಲಿಯೂ ‘ತಾಣ’ಗಳೆಂಬವು ಕೆಲವು ಇರುವುವು, ಅವುಗಳ ಪಟ್ಟಿಯೊಂದು ಯಾರ ಬಳಿಯಲ್ಲಿಯೋ ಇರುವುದು, ಅಲ್ಲಿಗೆ ಹೋಗಿ ನಿಂತು ಗುಂಡಿ ಒತ್ತಿದರೆ ಚೆಲುವು ತಾನಾಗಿಯೇ ಬಂದು ಬೀಳುವುದು ಎಂಬುದು ಆ ನಂಬಿಕೆ. ಮಾತಂಗ ಪರ್ವತದ ಮೇಲಣ ಸೂರ್ಯೋದಯಕ್ಕಾಗಿ ಕತ್ತಲೆಯಲ್ಲಿಯೇ ಏರಿ ಸಾಲುಗಟ್ಟಿ ಕುಳಿತವರನ್ನು ನೋಡಿದಾಗ ನನಗೆ ಅಲೆಕ್ಸಾಂಡರ್ ಗ್ರೀನ್‌ಲಾನ ನೆನಪಾಗುತ್ತದೆ. 1856ರಲ್ಲಿ ಆ ಸೇನಾಧಿಕಾರಿ ಮೇಣ ಹಚ್ಚಿದ ಕಾಗದದ ನೆಗೆಟಿವ್‌ಗಳ ಮೇಲೆ ಹಂಪೆಯನ್ನು ಸೆರೆಹಿಡಿದನು. ನೂರಕ್ಕೂ ಹೆಚ್ಚು ವರ್ಷಗಳ ತರುವಾಯ, 1983ರಲ್ಲಿ, ಆಸ್ಟ್ರೇಲಿಯದ ಜಾನ್ ಗಾಲಿಂಗ್ಸ್ ಆತನು ನಿಂತಿದ್ದ ಎಡೆಗಳನ್ನೇ ಹುಡುಕಿ ಹುಡುಕಿ, ಅಲ್ಲಿಯೇ ನಿಂತು, ಅವೇ ದೃಶ್ಯಗಳನ್ನು ಮತ್ತೆ ತೆಗೆದನು. ಕಾಲವು ಏನನ್ನು ಕೆಡವಿತು, ಏನನ್ನು ಉಳಿಸಿತು ಎಂಬುದನ್ನು ಅಳೆಯುವುದಕ್ಕೆ ಆ ಪುನರಾವೃತ್ತಿ ಬೇಕಾಗಿದ್ದಿತು. ಆದರೆ ಗ್ರೀನ್‌ಲಾನ ಕೈಯಲ್ಲಿ ಯಾವ ಪಟ್ಟಿಯೂ ಇರಲಿಲ್ಲ. ಅವನು ನಿಂತದ್ದರಿಂದ ಅವು ತಾಣಗಳಾದುವು. ನಮ್ಮ ಊರಿನ ಅದೃಷ್ಟವೆಂದರೆ ಇಲ್ಲಿ ಇನ್ನೂ ಹಾಗೆ ಯಾರೂ ನಿಂತು ಮುಗಿಸಿಲ್ಲ.

ಅಳಿಯನನ್ನು ನಾನು ಮೊದಲು ಕರೆದೊಯ್ದದ್ದು ಬಸ್ ನಿಲ್ದಾಣದಿಂದ ನಡೆದೇ ಹೋಗಬಹುದಾದ ಕೋಟೆಗೆ, ಅದರ ಒಳಸುತ್ತಿನ ಪಶ್ಚಿಮದ ಗೋಡೆಯ ಬಳಿಗೆ. ಗಾರೆಯ ಹಂಗಿಲ್ಲದೆ ಅಂಚಿಗೆ ಅಂಚು ಹೊಂದಿಸಿ ಕೂರಿಸಿದ ಆ ಗೋಡೆಯಲ್ಲಿ, ಸುತ್ತಲಿನ ದೊಡ್ಡ ದೊಡ್ಡ ಬಂಡೆಗಳನ್ನೂ ಕುಬ್ಜವೆನಿಸುವಂತೆ ಒಂದು ಕಲ್ಲು ಅಡ್ಡಲಾಗಿ ಮಲಗಿದೆ. ಉದ್ದ 41 ಅಡಿಗೂ ಮಿಗಿಲು. ಕಾಕತೀಯರ ಕಡೆಯ ದಂಡನಾಯಕರು ಆದವಾನಿ, ತುಂಬಳ, ಮಾನುವ, ಹಾಲುವ ಎಂಬ ದುರ್ಗಗಳನ್ನು ಗೆದ್ದು ಬಂದು ಈ ಕೋಟೆಯನ್ನು ಕಟ್ಟಿಸಿದರೆಂದು ಹೇಳುವ 1294ನೆಯ ಇಸವಿಯ ಶಾಸನ ಅದರ ಮೇಲಿದೆ. ಅಲ್ಲಿ ಬರುವ ಮಾನುವವೇ ನಮ್ಮ ಮಾನ್ವಿಯಾದುದರಿಂದ, ಸೋತವರ ಕಡೆಯವನಾಗಿ ಆ ಸಾಲಿನ ಮುಂದೆ ನಿಲ್ಲುವಾಗ ನನಗೆ ತುಸು ಮುಜುಗರವೂ ಆಗುವುದುಂಟು.

ಆದರೆ ನಾನು ತೋರಿಸಬೇಕೆಂದಿದ್ದುದು ಆ ಬರೆಹವನ್ನಲ್ಲ. ಅದೇ ಗೋಡೆಯ ಮೇಲೆ, ಶಾಸನದ ಪಕ್ಕದಲ್ಲಿ, ಗೆರೆಗಳಿಂದಲೇ ಕೊರೆದ ಒಂದು ಚಿತ್ರವಿದೆ: ಈ ಕಲ್ಲನ್ನೇ ಗಣಿಯಿಂದ ಕೋಟೆಗೆ ಸಾಗಿಸುತ್ತಿರುವ ಚಿತ್ರ. ಇಡಿಯ ಮರದ ಗಾಲಿಗಳ ಬಂಡಿ, ಅದರ ಮೇಲೆ ನೀಳವಾಗಿ ಒರಗಿದ ಕಲ್ಲು, ಮುಂದೆ ಎಣಿಸುತ್ತ ಹೋದರೂ ಮುಗಿಯದ ಕೋಣಗಳ ಸಾಲು, ಹಿಂದಿನಿಂದ ಗಾಲಿಗಳಿಗೆ ಸನ್ನೆಗೋಲು ಕೊಟ್ಟು ಮೀಟುತ್ತಿರುವ ಆಳುಗಳು. ಅರಸರ ಬೇಟೆಯನ್ನು, ದೇವತೆಗಳ ಅವತಾರಗಳನ್ನು ಕಂಡರಿಸಿದ ಗೋಡೆಗಳು ನಾಡಿನಲ್ಲಿ ಹೇರಳವಾಗಿವೆ; ಕಟ್ಟಡವೊಂದು ತನ್ನನ್ನು ಕಟ್ಟಿದ ಶ್ರಮದ ಚಿತ್ರವನ್ನು ತನ್ನ ಮೈಮೇಲೆಯೇ ಹೀಗೆ ಇಟ್ಟುಕೊಂಡಿರುವುದನ್ನು ನಾನು ಬೇರೆಲ್ಲಿಯೂ ಕಂಡಿಲ್ಲ. ಏಳು ಶತಮಾನಗಳ ಹಿಂದೆ ಯಾವನೋ ಅನಾಮಧೇಯನು, ಇಂದು ನಡೆದುದು ನಾಳೆಗೆ ನೆನಪಿರಲಾರದೆಂಬ ಆತಂಕದಿಂದ ಉಳಿಯನ್ನು ಕೈಗೆ ತೆಗೆದುಕೊಂಡಿರಬೇಕು. ಕ್ಯಾಮೆರಾ ಹಿಡಿದವನ ಆತಂಕವೂ ಇದೇ ಅಲ್ಲವೆ?

ಅಳಿಯನು ಗೋಡೆಯನ್ನು ಬಹಳ ಹೊತ್ತು ದಿಟ್ಟಿಸಿ, “ಎಲ್ಲೈತಿ ಮಾವ, ನನಗ ಏನೂ ಕಾಣವಲ್ದು” ಎಂದನು. ಕಾಣದಿದ್ದುದು ಅವನ ತಪ್ಪಲ್ಲ, ಆಗ ಮಧ್ಯಾಹ್ನ. ಬಿಸಿಲು ಗೋಡೆಗೆ ಎದುರಾಗಿ ಬಡಿದಾಗ ಇಂತಹ ತೆಳುಗೆರೆಗಳು ಕಲ್ಲಿನ ಮೈಯಲ್ಲಿ ಅಡಗಿಬಿಡುವುವು. ಬೆಳಕು ಓರೆಯಾಗಿ, ಗೋಡೆಯನ್ನು ಸವರಿಕೊಂಡು ಸರಿಯುವ ಕೆಲವೇ ನಿಮಿಷಗಳಲ್ಲಿ ಪ್ರತಿಯೊಂದು ಗೆರೆಯೂ ತನ್ನ ನೆರಳನ್ನು ಪಡೆದು, ಕೋಣಗಳು ಒಂದರ ಹಿಂದೊಂದು ಎದ್ದು ನಡೆಯತೊಡಗುವುವು. ಆ ಗಳಿಗೆಯನ್ನು ಹಿಡಿಯಲು ನನಗೆ ಮೂರು ಸಲದ ಪ್ರಯಾಣ ಹಿಡಿಯಿತು. ಚಿತ್ರದ ತಾಣವೆಂಬುದು ಅರ್ಧ ಸ್ಥಳವಾದರೆ ಅರ್ಧ ಹೊತ್ತು; ಪಟ್ಟಿ ಮಾಡುವವರು ಮೊದಲನೆಯ ಅರ್ಧವನ್ನು ಮಾತ್ರ ಬರೆದುಕೊಳ್ಳುತ್ತಾರೆ. ನಲವತ್ತು ಡಿಗ್ರಿಗೂ ಮೀರಿ ಕಾಯುವ ನಮ್ಮ ಬೇಸಗೆಯಲ್ಲಿ ಆ ಹೊತ್ತು ಇನ್ನೂ ಕಿರಿದು: ಬೆಳಗಿನ ಎಂಟರೊಳಗೆ ಬೆಳಕು ಮೃದುತ್ವವನ್ನು ಕಳೆದುಕೊಂಡುಬಿಡುತ್ತದೆ. ಬಳಿಕ ನೆರಳಿಗೆ ಹೋಗಿ ಮಿರ್ಚಿ, ಮಂಡಾಳ ಒಗ್ಗರಣಿ ತಿನ್ನುವುದೇ ವಿವೇಕ.

ಕೋಟೆಯ ಗೋಡೆಯ ಈ ಚಿತ್ರವು ಸತ್ತ ಚಿತ್ರವೆಂದು ತಿಳಿಯಲಾಗದು. ಕಾರಹುಣ್ಣಿಮೆಗೆ ರಾಯಚೂರಿಗೆ ಬಂದವರಿಗೆ ಇದು ಗೊತ್ತು. ಮುನ್ನೂರುಕಾಪು ಸಮಾಜದವರು ನಡೆಸುವ ಮುಂಗಾರು ಸಾಂಸ್ಕೃತಿಕ ಹಬ್ಬದಲ್ಲಿ, ನೆರೆಯ ತೆಲುಗು ಸೀಮೆಗಳಿಂದಲೂ ಬಂದ ಮದವೇರಿದ ಜೋಡೆತ್ತುಗಳು ಟನ್ನುಗಟ್ಟಲೆ ತೂಕದ ಕಲ್ಲನ್ನು ನೆಲದ ಮೇಲೆ ಎಳೆಯುವುವು. ಸುತ್ತಲೂ ರುಮಾಲು, ಶಿಳ್ಳೆ, ಧೂಳು. ಅಂದು ಕೋಣ, ಇಂದು ಎತ್ತು. ಅಂದು ಗಾಲಿಯಿತ್ತು, ಇಂದು ಅದೂ ಇಲ್ಲ. ಕಲ್ಲು ಮಾತ್ರ ಅದೇ ಕಪ್ಪು ಬೂದು ಬಣ್ಣದ ನಮ್ಮ ಸೀಮೆಯ ಕಲ್ಲು. ಆ ಅಂಗಳದಲ್ಲಿ ಚಿತ್ರ ತೆಗೆಯುವವರೆಲ್ಲ ಎತ್ತುಗಳಿಗೆ ಎದುರಾಗಿ ನಿಲ್ಲಲು ತಳ್ಳಾಡುವರು. ನನ್ನ ಅನುಭವದಲ್ಲಿ ಒಳ್ಳೆಯ ಎಡೆ ಕಲ್ಲಿನ ಹಿಂದೆ ಇದೆ. ಅಲ್ಲಿಂದ ಎತ್ತಿನ ಮುಖ ಕಾಣದು ನಿಜ. ಆದರೆ ಬಿಗಿದು ನಡುಗುವ ಸರಪಳಿ, ಹೂತುಹೋದ ಗೊರಸು, ಕಲ್ಲು ಕದಲಿದ ಕ್ಷಣದಲ್ಲಿ ಎದುರಿನ ಸಾವಿರ ಮುಖಗಳಲ್ಲಿ ಏಕಕಾಲಕ್ಕೆ ತೆರೆದ ಸಾವಿರ ಬಾಯಿಗಳು, ಇವೆಲ್ಲ ಒಂದೇ ಚೌಕಟ್ಟಿನೊಳಗೆ ಬರುತ್ತವೆ. ಬಾರುಕೋಲಿನ ಏಟುಗಳೂ ಬರುತ್ತವೆ, ಅವನ್ನು ಕತ್ತರಿಸಿ ತೆಗೆಯಬಾರದೆಂದು ನಾನು ಬಲ್ಲೆನಾದರೂ, ಒಮ್ಮೆ ತೆಗೆದಿದ್ದೇನೆಂದು ಒಪ್ಪಿಕೊಳ್ಳುತ್ತೇನೆ.

ಹಳೆಯ ಊರಿನೊಳಗೆ ನಡೆದರೆ ಇನ್ನೊಂದು ಬಗೆಯ ಸಂಪತ್ತು. 1871ರಲ್ಲಿ ಮುಂಬಯಿಯ ಕಡೆಯಿಂದ ಬಂದ ರೈಲುಹಳಿಯೂ ಮದರಾಸಿನ ಕಡೆಯಿಂದ ಬಂದ ರೈಲುಹಳಿಯೂ ಕೂಡಿಕೊಂಡದ್ದು ರಾಯಚೂರಿನಲ್ಲಿ. ಅದಕ್ಕೂ ಬಹು ಹಿಂದಿನಿಂದಲೇ ಕೃಷ್ಣಾ ತುಂಗಭದ್ರೆಗಳ ನಡುವಣ ಈ ದೋಆಬಿಗಾಗಿ ಬಹಮನಿಗಳೂ ವಿಜಯನಗರದವರೂ ಬಿಜಾಪುರದವರೂ ಬಡಿದಾಡಿದರು. 1520ರ ಮೇ ತಿಂಗಳಲ್ಲಿ ಕೃಷ್ಣದೇವರಾಯನು ಇಸ್ಮಾಯಿಲ್ ಆದಿಲಶಾಹನನ್ನು ಸೋಲಿಸಿ ಕೋಟೆಯನ್ನು ಹಿಡಿದ ಬಗೆಯನ್ನು ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್ ಬರೆದಿಟ್ಟನು. ಹೀಗೆ ಬಂದವರೆಲ್ಲ ತಮ್ಮ ತಮ್ಮ ಗುರುತುಗಳನ್ನು ಬಿಟ್ಟುಹೋದುದರಿಂದ, ಕನ್ನಡ, ತೆಲುಗು, ದಖನಿ ಉರ್ದು ಮೂರನ್ನೂ ಒಂದೇ ವಾಕ್ಯದಲ್ಲಿ ಆಡುವ ಚಹಾದಂಗಡಿಯವನಂತೆಯೇ ಇಲ್ಲಿಯ ಕಲ್ಲುಗಳೂ ಮಾತನಾಡುತ್ತವೆ. ನವರಂಗಿ ದರವಾಜದ ಪೌರಾಣಿಕ ಶಿಲ್ಪಗಳಿಗೆ ಒಂದು ಕಾಲದಲ್ಲಿ ಬಣ್ಣ ಬಳಿದಿದ್ದುದರಿಂದ ಅದಕ್ಕೆ ಆ ಹೆಸರು ಬಂದಿತೆನ್ನುವರು. ಬಣ್ಣ ಹೋಗಿ ಹೆಸರು ಉಳಿದಿದೆ. ಏಕಮಿನಾರ್ ಮಸೀದಿಯು 1513ರದು, ಮಹಮೂದ್ ಶಹಾ ಬಹಮನಿಯ ಕಾಲದ್ದು. ಅರುವತ್ತೈದು ಅಡಿ ಎತ್ತರದ ಒಂದೇ ಒಂದು ಮಿನಾರನ್ನು ಅಗಲಕಿರಿದಾದ ಬೀದಿಯಲ್ಲಿ ನಿಂತು ಚೌಕಟ್ಟಿನೊಳಗೆ ತರುವುದು ಸಾಹಸವೇ ಸರಿ. ಅದನ್ನು ಇಡಿಯಾಗಿ ಹಿಡಿಯುವ ಹಟ ಬಿಟ್ಟು, ಸಂಜೆ ಅದರ ನೆರಳು ಯಾರ ಮಾಳಿಗೆಯ ಮೇಲೆ, ಯಾರ ಅಂಗಡಿಯ ತಗಡಿನ ಮೇಲೆ ಬೀಳುತ್ತದೆಂದು ಹಿಂಬಾಲಿಸಿ ಹೋದರೆ ಒಳ್ಳೆಯ ಚಿತ್ರಗಳು ಸಿಕ್ಕುವುವು. ತೀನ್ ಕಂದೀಲಿನ ವೃತ್ತಕ್ಕೆ ಕತ್ತಲಾದ ಮೇಲೆ ಹೋಗಬೇಕು. ಮೂರು ಕಂದೀಲುಗಳ ಹೆಸರು ಹೊತ್ತ ಎಡೆಯನ್ನು ಹಾಡೇ ಹಗಲಿನಲ್ಲಿ ನೋಡುವುದು ಅದಕ್ಕೆ ಮಾಡುವ ಅಪಚಾರ.

ಊರ ಹೊರಗಿನ ಎಡೆಗಳನ್ನು ಇಲ್ಲಿ ವಿಸ್ತರಿಸಲಾರೆ. ದೇವದುರ್ಗದ ಸೀಮೆಯ ಗಬ್ಬೂರಿನಲ್ಲಿ ಗುಡಿಗಳೂ ಶಾಸನಗಳೂ ಮನೆಗಳ ನಡುವೆ ಮನೆಗಳಂತೆಯೇ ಇವೆ. ತುಂಗಭದ್ರೆಯ ದಡದ ಚೀಕಲಪರವಿಯಲ್ಲಿ ಕಾರ್ತಿಕ ಶುದ್ಧ ದಶಮಿಯಂದು ವಿಜಯದಾಸರ ಆರಾಧನೆಗೆ ಸೇರುವವರ ಹೆಜ್ಜೆಗಳು ಮಳಲಿನ ಮೇಲೆ ಒಂದು ರಾತ್ರಿಯ ಮಟ್ಟಿಗೆ ಉಳಿಯುತ್ತವೆ. ಮಸ್ಕಿಯ ಬಂಡೆಯಲ್ಲಿ ಅಶೋಕನ ಹೆಸರನ್ನು 1915ರಲ್ಲಿ ಬೆಳಕಿಗೆ ತಂದ ಬೀಡನ್ ಎಂಬಾತ ಚಿನ್ನದ ಗಣಿಯ ಎಂಜಿನಿಯರ್. ‘ದೇವಾನಾಂಪ್ರಿಯ’ನೆಂದರೆ ಅಶೋಕನೇ ಎಂಬುದಕ್ಕೆ ನೇರವಾದ ಸಾಕ್ಷ್ಯ ಅಲ್ಲಿ ದೊರೆಯಿತು. ಚಿನ್ನದ ಕಣ್ಣಿಗೆ ಅಕ್ಷರ ಕಂಡದ್ದು ನಮ್ಮ ಪುಣ್ಯ.

ಇಷ್ಟೆಲ್ಲ ಇದ್ದೂ ಊರಿಗೆ ಚೆಲುವನ್ನು ಹೊರಗಿನಿಂದ ತಂದು ಅಂಟಿಸುವ ಉತ್ಸಾಹವೊಂದು ಈಚೆಗೆ ಎಲ್ಲೆಡೆಯೂ ಹಬ್ಬುತ್ತಿದೆ. ಊರಿನ ಹೆಸರಿನ ಮುಂದೆ ಕೆಂಪು ಹೃದಯವಿಟ್ಟ ಆಳೆತ್ತರದ ಅಕ್ಷರಗಳು, ಅದರ ಮುಂದೆ ಸೆಲ್ಫಿಗೆಂದು ಗುರುತಿಸಿದ ಜಾಗ, ರಾತ್ರಿ ಗೋಡೆಗಳ ಮೇಲೆ ಹಸಿರು ನೇರಳೆ ದೀಪಗಳ ಕುಣಿತ. ಯಾವ ಊರಿನಲ್ಲಿ ತೆಗೆದರೂ ಒಂದೇ ಬಗೆಯಾಗಿ ಬರುವ ಚಿತ್ರಕ್ಕಾಗಿ ಹಣ ಸುರಿಯುವವರು, ಆ ಉದ್ದಕಲ್ಲಿನ ಬಳಿ ಶಾಸನದ ತಾತ್ಪರ್ಯವನ್ನೂ ಗೆರೆಚಿತ್ರದ ವಿವರವನ್ನೂ ಹೇಳುವ ಒಂದು ಸಾದಾ ಕನ್ನಡ ಫಲಕವನ್ನು ನಿಲ್ಲಿಸಿ, ಸುತ್ತಲಿನ ಜಾಲಿಯನ್ನು ಸವರಿ, ಪ್ರೇಮಿಗಳು ತಮ್ಮ ಹೆಸರುಗಳನ್ನು ಕೋಣಗಳ ಬೆನ್ನ ಮೇಲೆ ಗೀಚದಂತೆ ಒಬ್ಬ ಕಾವಲುಗಾರನನ್ನು ಇಟ್ಟರೆ ಸಾಕಾಗಿತ್ತು. ಅದರ ಮೇಲೆ ಬಣ್ಣದ ದೀಪ ಬೇಡ. ಸೂರ್ಯನು ಸಂಬಳವಿಲ್ಲದೆ ಆ ಕೆಲಸವನ್ನು ಮಾಡುತ್ತಿದ್ದಾನೆ.

ಇನ್ನು ಚಿತ್ರ ತೆಗೆಯುವವರಿಗೂ ಒಂದು ಮಾತು. ಊರಿನ ಸಂಸ್ಕೃತಿಯೆಂದರೆ ಜನರ ಮುಖಗಳೆಂದು ತಿಳಿದು, ಮೊಹರಮ್ಮಿನ ಅಲಾಯಿ ಕುಣಿಯ ಸುತ್ತ ಕುಣಿಯುವವರ ಕಣ್ಣಿಗೆ ಫ್ಲ್ಯಾಶ್ ಹೊಡೆಯುವವರನ್ನು ಕಂಡಿದ್ದೇನೆ. ಕುಣಿಯ ಕೆಂಡವೇ ಕೊಡುವ ಬೆಳಕು ಸಾಲದೆ? ಮೈಸೂರಿನ ಟಿ. ಎಸ್. ಸತ್ಯನ್ ಅವರು ತೆಗೆದ ಮಕ್ಕಳ ಚಿತ್ರಗಳ ಪ್ರದರ್ಶನವು 1979ರಲ್ಲಿ ವಿಶ್ವಸಂಸ್ಥೆಯ ಕೇಂದ್ರಕಾರ್ಯಾಲಯದಲ್ಲಿ ನಡೆಯಿತು. ಅವರ ಚಿತ್ರಗಳಲ್ಲಿ ಯಾವ ಮಗುವೂ ಬೆಚ್ಚಿದಂತೆ ಕಾಣುವುದಿಲ್ಲ. ಬಹಳ ಹೊತ್ತು ಅವರ ನಡುವೆ ಸುಮ್ಮನಿದ್ದು, ತಾನೊಬ್ಬ ಇದ್ದೇನೆಂಬುದನ್ನು ಅವರು ಮರೆಯುವವರೆಗೆ ಕಾದವನಿಗೆ ಮಾತ್ರ ದೊರೆಯುವ ಸಲಿಗೆ ಅದು.

ನಾನೂ ಈ ಪಾಠವನ್ನು ತಪ್ಪಿಯೇ ಕಲಿತವನು. ಕೆಲವು ವರ್ಷಗಳ ಹಿಂದೆ ಕೋಟೆಯ ಇನ್ನೊಂದು ಮಗ್ಗುಲಿನಲ್ಲಿ ಗೋಡೆಯ ಚಿತ್ರ ತೆಗೆಯಲು ಹೋದಾಗ, ಬೇವಿನ ಮರಕ್ಕೂ ಕಂಬಕ್ಕೂ ಕಟ್ಟಿದ ಹಗ್ಗದ ಮೇಲೆ ಒಬ್ಬ ಮುದುಕಿ ಕೌದಿಯನ್ನು ಒಣಗಹಾಕಿದ್ದಳು. ಹಳೆಯ ಸೀರೆ, ಧೋತರ, ಅಂಗಿಗಳ ತುಂಡುಗಳನ್ನೆಲ್ಲ ಕೂಡಿಸಿ ಹೊಲಿದ ದೊಡ್ಡ ಕೌದಿ. “ಅವ್ವ, ಇದನ್ನ ಒಂಚೂರು ತೆಗೀತೀಯೇನು? ಗೋಡಿ ಕಾಣವಲ್ದು” ಎಂದೆ. ಅವಳು ಗೊಣಗದೆ ತೆಗೆದು ಮಡಚಿ ಸೊಂಟಕ್ಕೇರಿಸಿಕೊಂಡು, ನಾನು ಮುಗಿಸುವವರೆಗೂ ಬದಿಯಲ್ಲಿ ನಿಂತಿದ್ದಳು. ಮನೆಗೆ ಬಂದು ನೋಡಿದರೆ, ಗೋಡೆ ಗೋಡೆಯಾಗಿ ಬಂದಿತ್ತು. ಅಂತಹ ಗೋಡೆಗಳು ನನ್ನ ಬಳಿ ನೂರಿವೆ. ಕಾಕತೀಯರ ಕಲ್ಲನ್ನೂ ಮುದುಕಿಯ ಹೊಲಿಗೆಯನ್ನೂ ಒಂದೇ ಬಿಸಿಲು ಒಣಗಿಸುತ್ತಿದ್ದ ಚಿತ್ರವನ್ನು ನಾನೇ ಕೇಳಿ ತೆಗೆಸಿಹಾಕಿದ್ದೆ.

ಅದನ್ನು ಸರಿಪಡಿಸಬೇಕೆಂದು ಈ ಸಲ ಪುಷ್ಯಮಾಸದ ಒಂದು ಮುಂಜಾನೆ ಮತ್ತೆ ಹೋದೆ. ಬೇವಿನ ಮರವಿತ್ತು, ಹಗ್ಗವಿತ್ತು, ಬೆಳಕೂ ಬೇಕಾದಂತೆಯೇ ಬಿದ್ದಿತ್ತು; ಕೌದಿ ಮಾತ್ರ ಇರಲಿಲ್ಲ. ಮುದುಕಿಯು ಬಾಗಿಲಲ್ಲಿ ಕುಳಿತು ಹಲ್ಲುಜ್ಜುತ್ತಿದ್ದಳು. ಕೌದಿ ಎಲ್ಲಿ ಎಂದು ಕೇಳಿದುದಕ್ಕೆ ಒಳಗಡೆ ಕೈತೋರಿಸಿ ನಕ್ಕಳು: “ಥಂಡಿ ಐತಲ್ಲೋ ಯಪ್ಪಾ, ಹುಡುಗ್ರು ಹೊಚಗೊಂಡು ಮಕ್ಕೊಂಡಾವ. ಬ್ಯಾಸಿಗ್ಯಾಗ ಬಾ.”