ಬೇರಿಂಗ್ ಒಗೀಬ್ಯಾಡ್ರಿ

ಒಗಿಯೂದು ಅನ್ನೋ ಮಾತಿಗೆ ನಮ್ಮ ಕಡೆ ಎರಡು ಅರ್ಥ. ಅರಿವಿ ಒಗಿಯೂದು ಒಂದು, ತಿಪ್ಪಿಗೆ ಒಗಿಯೂದು ಇನ್ನೊಂದು. ಮಕ್ಕಳ ಸ್ಕೇಟಿನ ಬೇರಿಂಗಿಗೆ ಎರಡೂ ಬ್ಯಾಡ ಅನ್ನೂದು ನನ್ನ ವಾದ. ನೀರಾಗ ಒಗದ್ರ ತುಕ್ಕು ಹಿಡೀತಾವ, ತಿಪ್ಪಿಗೆ ಒಗದ್ರ ರೊಕ್ಕ ದಂಡ.

ಒಂದೇ ಸಾಲಿನ್ಯಾಗ ನಾಕು ಗಾಲಿ ಇರೋ ಇನ್‌ಲೈನ್ ಸ್ಕೇಟು ಈಗ ಓಣಿಗೆ ನಾಕು ಮನ್ಯಾಗ ಅದಾವ. ಮಣ್ಣು, ಧೂಳು ತಿಂದು ಸ್ವಲ್ಪ ದಿನಕ್ಕ ಗಾಲಿ ಕರ್ ಕರ್ ಅನ್ನಾಕ ಶುರು ಮಾಡ್ತಾವ. ಅಂಗಡಿಗೆ ಒಯ್ದ್ರ ಅಂಗಡಿಯಾಂವ ಬಿಚ್ಚಿ ನೋಡದನ, "ಬೇರಿಂಗ್ ಹೋಗ್ಯಾವ ಬಾಯಾರ, ಹೊಸಾ ಸೆಟ್ ಹಾಕ್ರಿ" ಅಂತಾನ. ಮನ್ಯಾಗ ಕೇಳಿದ್ರ "ಆಯ್ತವಾರ ಅವರು ಇರ್ತಾರ, ನೋಡ್ತಾರ ತಗೋ" ಅಂತೀವಿ. ಆಯ್ತವಾರ ಬರ್ತದ, ಅವರು ಪೇಪರ್ ಓದ್ತಾರ. ಹೊಲಿಗಿ ಮಷೀನಿನ ಬಾಬಿನ್ ಕೇಸ್ ಬಿಚ್ಚಿ, ಒಳಗಿನ ದೂದಿ ತಗದು, ಎಣ್ಣಿ ಬಿಟ್ಟು ಮತ್ತ ಜೋಡಸೂ ಕೈಗೆ ಇದೇನು ದೊಡ್ಡ ವಿದ್ಯಾ ಅಲ್ಲ. ಅದಕ್ಕಿಂತ ಸರಳ ಅದ.

ಬೇರಿಂಗ್ ಅಂದ್ರ ಏನು? ಒಂದರಾಗ ಒಂದು ಎರಡು ಉಕ್ಕಿನ ಬಳಿ, ನಡುವ ಗುಂಡು, ಸಾಮಾನ್ಯವಾಗಿ ಏಳು. ಸ್ಕೇಟಿಗೆ ಬರೋದು 608 ನಂಬರಿಂದು: ಒಳಗಿನ ತೂತು 8 ಮಿಲಿಮೀಟರ್, ಹೊರಗಿನ ಅಗಲ 22, ದಪ್ಪ 7. ಗಾಲಿಗೆ ಎರಡರಂಗ ಜೋಡಿ ಸ್ಕೇಟಿಗೆ ಹದಿನಾರು. ಹುಡುಗ್ರು ಬೆರಳಮ್ಯಾಲೆ ತಿರುಗಸ್ತಿದ್ವಲ್ಲ ಫಿಜೆಟ್ ಸ್ಪಿನ್ನರ್, ಅದರ ನಡುವಿಂದೂ ಹೆಚ್ಚಾಗಿ ಇದ ನಂಬರು. ಡಬ್ಬಿಮ್ಯಾಲೆ ಎಬೆಕ್ 7, ಎಬೆಕ್ 9 ಅಂತ ಬರದು ರೇಟು ಏರಸ್ತಾರ. ಅದು ಅಳತಿ ಎಷ್ಟು ಕರಾರುವಾಕ್ಕಾಗದ ಅನ್ನೂದರ ಲೆಕ್ಕ, ಮಗು ಎಷ್ಟು ಜೋರಾಗಿ ಓಡ್ತದ ಅನ್ನೂದಲ್ಲ. ಧೂಳು ಕೂತ 9ಕ್ಕಿಂತ ಸ್ವಚ್ಛ ಇರೋ 5 ಛಲೋ.

ಈಗ ನಾ ಜಗಳಾ ಮಾಡೋ ವಿಷಯಕ್ಕ ಬರ್ತೀನಿ. ದೊಡ್ಡ ಹುಡುಗ್ರು ಬೈಕಿಂದ ತಂಪುಪಾನೀಯದ ಬಾಟ್ಲಿಗೆ ಪೆಟ್ರೋಲ್ ಇಳಿಸಿಕೊಂಡು ಬಂದು, ಅದರಾಗ ಬೇರಿಂಗ್ ತೊಳೀತಾವ. ಅದೂ ಅಡಿಗಿಮನಿ ಕಟ್ಟಿಮ್ಯಾಲೆ. ಇದನ್ನ ಯಾವ ಮನ್ಯಾಗೂ ಬಿಡಬಾರ್ದು. ಪೆಟ್ರೋಲಿನ ಆವಿ ಗಾಳಿಗಿಂತ ಭಾರ, ಮ್ಯಾಲೆ ಹಾರಿಹೋಗೂದಿಲ್ಲ, ನೆಲದಮ್ಯಾಲೆ ಹರದು ದೂರ ಹೋಗ್ತದ. ದೇವರಮನಿ ನಂದಾದೀಪ ಎರಡು ಕೋಣಿ ಆಚೆಗದ ಅಂತ ಧೈರ್ಯಾ ಮಾಡೋ ಮಾತಲ್ಲ ಅದು. ಔಷಧಿ ಅಂಗಡ್ಯಾಗ ಸಿಗೋ ಐಸೊಪ್ರೊಪೈಲ್ ಆಲ್ಕೊಹಾಲ್ ಸಾಕು. ಅದಕ್ಕೂ ಬೆಂಕಿ ಹತ್ತತದ, ಹಂಗಾಗಿ ಗಚ್ಚಿಮ್ಯಾಲೆ ಕೂತು ಮಾಡ್ರಿ, ಒಲಿ, ದೀಪ, ಊದಿನಕಡ್ಡಿ ಯಾವುದೂ ಹತ್ರ ಬ್ಯಾಡ. ಮಕ್ಕಳು ಮಾಡೂದಿದ್ರ ನೀವು ಬಾಜು ಕೂಡ್ರಿ.

ಅಲೆನ್ ಕೀಲಿಂದ ಗಾಲಿ ಬಿಚ್ಚಿ, ಬೇರಿಂಗ್ ಹೊರಗ ತಗೀರಿ. ಬಾಯಿಗೆ ರಬ್ಬರ್ ಮುಚ್ಚಳ ಇದ್ರ ಒಳಗಿನ ಬಳೀ ಅಂಚಿಗೆ ಟಾಚಣಿ ಹಾಕಿ ಮೆಲ್ಲಗ ಎತ್ರಿ, ಬರ್ತದ. ತಗಡಿನ ಮುಚ್ಚಳಕ್ಕ ಕೆಲವೊಂದಕ್ಕ ಸಣ್ಣ ತಂತಿ ಉಂಗುರ ಇರ್ತದ, ಅದರ ತುದಿ ಹಿಡದು ಎತ್ರಿ. ತಂತಿನ ಇಲ್ಲದ ಒತ್ತಿ ಕೂಡಿಸಿದ್ದಿದ್ರ ಮೀಟಾಕ ಹೋಗಬ್ಯಾಡ್ರಿ, ಸೊಟ್ಟ ಆಗ್ತದ. ಮ್ಯಾಲಿಂದ ಒರಸಿ ಇಟ್ಟಬಿಡ್ರಿ. ರಬ್ಬರ್ ಮುಚ್ಚಳ ಸಾಬೂನಿನ ನೀರಿಗೆ, ಬೇರಿಂಗ್ ಗಾಜಿನ ಬರಣಿಗೆ. ಮುಳುಗೋಷ್ಟು ಆಲ್ಕೊಹಾಲ್ ಹಾಕಿ ಅಲುಗಾಡಿಸಿದ್ರ ಸೀಗಿಕಾಯಿ ಕುದಿಸಿದ ನೀರಿನಂಗ ಕಪ್ಪು ಇಳೀತದ, ನೋಡಿದ್ರ ನಿಮಗ ಖುಷಿ ಆಗ್ತದ. ತಿಳಿ ಬರೂತನಕ ಎರಡು ಮೂರು ಸಲ. ಆಮ್ಯಾಲೆ ಹಳೀ ಧೋತರದ ಅರಿವಿಮ್ಯಾಲೆ ಹರವಿ ಪೂರ್ತಿ ಒಣಗಸ್ರಿ. ಟರ್ಕಿ ಟಾವೆಲ್ ಬ್ಯಾಡ, ಅದರ ಜುಂಗು ಒಳಗ ಸೇರ್ತದ.

ಒಣಗಿದಮ್ಯಾಲೆ ಎಣ್ಣಿ. ಇಲ್ಲಿ ಅತ್ತಿಯವರ ಕಾಲದಿಂದ ಬಂದ ಕೊಬ್ರಿ ಎಣ್ಣಿ ಪ್ರೀತಿ ಅಡ್ಡ ಬರ್ತದ. ಕೊಬ್ರಿ ಎಣ್ಣಿ ಸುಮಾರು 24 ಡಿಗ್ರಿ ಕೆಳಗ ಹೆಪ್ಪುಗಟ್ತದ. ಧಾರವಾಡದ ಡಿಸೆಂಬರ್ ಮುಂಜಾನಿ ಬಾಟ್ಲಿ ತಲಿಕೆಳಗ ಮಾಡಿದ್ರೂ ಬೀಳೂದಿಲ್ಲ, ಬೇರಿಂಗಿನ್ಯಾಗ ಹೆಂಗ ಹರೀತದ? ಡಬ್ಲ್ಯೂಡಿ-40 ಮುಖ್ಯ ನೀರು ಓಡಸಾಕ, ತುಕ್ಕು ಬಿಡಸಾಕ ಇರೋದು, ಭಾಳ ದಿನ ನಿಲ್ಲೋ ಎಣ್ಣಿ ಅಲ್ಲ. ಹೊಲಿಗಿ ಮಷೀನಿನ ಎಣ್ಣಿ ಒಂದು ಹನಿ, ಭಾಳಂದ್ರ ಎರಡು. ಜಾಸ್ತಿ ಹಾಕಿದ್ರ ಧೂಳಿಗೆ ಆಮಂತ್ರಣ ಕೊಟ್ಟಂಗ.

ಎಣ್ಣಿ ಹಾಕೂಕಿಂತ ಮೊದಲ ಮಕ್ಕಳು ಗಾಲಿ ಕೈಯಾಗ ತಿರುಗಿಸಿ "ನಂದು ಎಷ್ಟೊತ್ತು ತಿರುಗ್ತು ನೋಡು" ಅಂತ ಪೈಪೋಟಿ ಹಚ್ಚತಾವ. ಎಣ್ಣಿ ಇಲ್ಲದ ಒಣ ಬೇರಿಂಗ್ ಕೈಯಾಗ ಭಾಳ ಹೊತ್ತು ತಿರುಗ್ತದ ಖರೆ. ಮೈಭಾರ ಬಿದ್ದಮ್ಯಾಲೆ ಅದ ಮೊದಲು ಸವೀತದ.

ಎಲ್ಲಾ ಆದಮ್ಯಾಲೆ ಒಂದೊಂದನ್ನೂ ಬೆರಳಿಗೆ ಸಿಗಿಸಿ ಸಾವಕಾಶ ತಿರುಗಸ್ರಿ. ಮರಳು ಸಿಕ್ಕಂಗ ತಡದು ತಡದು ಹೋದ್ರ ಒಳಗಿನ ದಾರಿ ಹಳ್ಳ ಬಿದ್ದದ, ಅದನ್ನಷ್ಟ ತಗದು ಹೊಸಾದು ಹಾಕ್ರಿ. ಹದಿನಾರರಾಗ ಒಂದು ಎರಡು ಹೋದ್ರ ಹದಿನಾರೂ ಹೋಗ್ಯಾವ ಅಂತಲ್ಲ. ಆದ್ರ ಅಲ್ಲಿ ಜುಗ್ಗತನಾನೂ ಬ್ಯಾಡ. ಇಳಿಜಾರಿನ್ಯಾಗ ಗಾಲಿ ಗಕ್ಕನ ಹಿಡದ್ರ ಕಾಲು ಹಿಂದ ಉಳೀತದ, ಕೂಸು ಮುಂದ ಹೋಗಿ ಕೈ ಊರಿ ಬೀಳ್ತದ.

ವಾರಾ ವಾರಾ ಮಾಡೋ ವ್ರತ ಅಲ್ಲ ಇದು. ಸಪ್ಪಳ ಬದಲಾದ್ರ ಮಾಡ್ರಿ. ಮಳ್ಯಾಗ ಆಡಿ ಬಂದ್ರ ಮಾತ್ರ ಅವತ್ತ ಬಿಚ್ಚಬೇಕು, ನಾಳೆ ಅಂದ್ರ ತುಕ್ಕು. ಮತ್ತ ಮಗನ್ನ ಕೂಡಿಸಿಕೊಂಡು ಕಲಸ್ತೀರಲ್ಲ, ಆ ಸ್ಕೇಟು ಮಗಳದೂ ಇದ್ರ ಆಕಿ ಕೈಗೂ ಅಲೆನ್ ಕೀಲಿ ಕೊಡ್ರಿ.

ಉಳಿದ ಕಪ್ಪು ಆಲ್ಕೊಹಾಲ್ ಗಟಾರಕ್ಕ ಸುರೀಬ್ಯಾಡ್ರಿ. ಬಿಗಿ ಮುಚ್ಚಿಟ್ರ ಹೊಲಸು ತಳಕ್ಕ ಕೂಡ್ತದ, ಮ್ಯಾಲಿನ ತಿಳಿ ಮುಂದಿನ ಸಲದ ಮೊದಲನೇ ತೊಳಿಯೂದಕ್ಕ ಬರ್ತದ. ಬರಣಿಮ್ಯಾಲೆ ದೊಡ್ಡಕ್ಷರದಾಗ ಹೆಸರು ಬರದು, ಮಕ್ಕಳ ಕೈಗೆ ಎಟುಕದಂಗ ಇಡ್ರಿ. ಆ ಬರಣಿಗೆ ಮತ್ತ ಉಪ್ಪಿನಕಾಯಿ ಮಾತ್ರ ತುಂಬಬ್ಯಾಡ್ರಿ.